ಆರು ನಕ್ಷತ್ರ, ಐದು ಜನ

ಕಾರ್ಡಿಗೆ ತೂತು ಹೊಡೆಯುವ ಪಂಚಿನ ಹೊಟ್ಟೆಗೆ ಪುಟ್ಟ ರಬ್ಬರು ಮುಚ್ಚಳವಿದೆ. ಉಗುರಿನಿಂದ ಅದನ್ನು ಎಬ್ಬಿಸಿ, ಹಳೆಯ ಬಿಸ್ಕತ್ತು ಡಬ್ಬಿಯ ಮೇಲೆ ಬೋರಲು ಹಿಡಿದು, ಅಂಗೈಯಿಂದ ಮೂರು ಸಲ ತಟ್ಟಿದೆ. ನಿನ್ನೆಯ ನಕ್ಷತ್ರಗಳು ಮೊದಲು ಒಂದೊಂದಾಗಿ, ಆಮೇಲೆ ರಾಶಿಯಾಗಿ ಉದುರಿದವು.

ಎದುರಿನ ಮೆಟ್ಟಿಲ ಮೇಲೆ ಮಾವ ಕೂತಿದ್ದರು. ನನ್ನ ಕೈಯನ್ನು ನೋಡುತ್ತಿದ್ದರೋ, ನನ್ನ ಹಿಂದಿನ ಗೋಡೆಯನ್ನೋ ತಿಳಿಯಲಿಲ್ಲ.

ಡಬ್ಬಿಯಲ್ಲಿ ಹೆಚ್ಚಿನವು ಹಳದಿ ಚೂರುಗಳು. ನೋಡಲು ಬರುವವರ ಕಾರ್ಡು ಹಳದಿ, ಚಿತ್ರ ತೆಗೆದವರದು ಹಸಿರು. ಬೆರಳಿನಿಂದ ಕೆದಕುವಾಗ ಏನೋ ಗಟ್ಟಿಯಾಗಿ ತಾಕಿತು. ಆರು ನಕ್ಷತ್ರಗಳು ಒಂದರ ಬೆನ್ನಿಗೊಂದು ಅಂಟಿಕೊಂಡು ಅಂಗಿಯ ಗುಂಡಿಯಂತಾಗಿದ್ದವು. ಆರು ಕಾರ್ಡುಗಳನ್ನು ಒಟ್ಟಿಗಿಟ್ಟು ಒಂದೇ ಸಲ ಅದುಮಿದರೆ ಮಾತ್ರ ಹಾಗಾಗುತ್ತದೆ. ಬದಿಗೆ ತಿರುಗಿಸಿ ನೋಡಿದೆ. ಐದು ಹಳದಿ. ಅಡಿಯಲ್ಲಿ ಒಂದು ಹಸಿರು.

ಕರ್ಚೀಫಿನ ಮೂಲೆಯಲ್ಲಿಟ್ಟು ಗಂಟು ಹಾಕಿದೆ. ತಲೆ ಎತ್ತಿದಾಗ ಮಾವ ಬೇರೆ ಕಡೆಗೆ ಮುಖ ತಿರುಗಿಸಿದರು.

ಇದು ಐದು ದಿನಗಳ ಸಾಕ್ಷ್ಯಚಿತ್ರೋತ್ಸವದ ನಾಲ್ಕನೆಯ ದಿನ. ಕಟ್ಟಡದಲ್ಲಿ ಮೂರು ಹಾಲ್‌ಗಳು, ಮೂರು ಬಾಗಿಲುಗಳು, ಮೂರು ಪಂಚುಗಳು. ಒಂದನೇ ಹಾಲ್‌ನ ಪಂಚು ದುಂಡು ತೂತು ಹೊಡೆಯುತ್ತದೆ, ಮೂರನೆಯದು ಅರ್ಧಚಂದ್ರ. ಎರಡನೇ ಹಾಲ್‌ನ ಬಾಗಿಲು ನನ್ನದು, ನಕ್ಷತ್ರವೂ ನನ್ನದು. ಪ್ರತಿ ಕಾರ್ಡಿನಲ್ಲಿ ದಿನಕ್ಕೊಂದು ಸಾಲು, ಪ್ರದರ್ಶನಕ್ಕೊಂದು ಚೌಕ. ಯಾವ ಚೌಕದಲ್ಲಿ ಯಾವ ತೂತು ಎಂದು ನೋಡಿದರೆ ಆ ಮನುಷ್ಯ ಆ ಹೊತ್ತಿನಲ್ಲಿ ಎಲ್ಲಿ ಕೂತಿದ್ದ ಎಂದು ಹೇಳಬಹುದು. ಬಾಗಿಲು ಕಾಯುವವರಿಗೆ ನಿಯಮ ಒಂದೇ. ಮುಖ ನೋಡಿ ತೂತು ಹೊಡೆಯಬೇಕು.

ನಾನು ಮುಖ ನೋಡುವುದಿಲ್ಲ. ನಾನು ನೋಡಿದರೆ ಅವರೂ ನೋಡುತ್ತಾರೆ. ಹಾಗಾಗಿ ಕೈ ನೋಡುತ್ತೇನೆ. ಮೂರು ದಿನದಲ್ಲಿ ಯಾರ ಉಗುರು ಕಚ್ಚಿದ್ದು, ಯಾರ ಬೆರಳಲ್ಲಿ ಉಂಗುರದ ಬಿಳಿ ಗುರುತು ಮಾತ್ರ ಉಳಿದಿದೆ, ಯಾರು ಕಾರ್ಡನ್ನು ಮೊಮ್ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ, ಎಲ್ಲ ಗೊತ್ತಾಗಿತ್ತು. ಅದನ್ನೇ ದೊಡ್ಡ ಜಾಣತನ ಎಂದುಕೊಂಡಿದ್ದೆ.

ನಿನ್ನೆ ಮಧ್ಯಾಹ್ನ ಎರಡರಿಂದ ಮೂರೂವರೆಯ ನಡುವೆ ಒಂದನೇ ಹಾಲ್‌ನ ಪ್ರೊಜೆಕ್ಟರ್ ಕೋಣೆಯಿಂದ ಒಂದು ಡಿಸ್ಕ್ ಕಾಣೆಯಾಗಿತ್ತು. ಇಡೀ ಕಟ್ಟಡ ಈಗ ನನ್ನ ಮಾವನ ಮುಖ ನೋಡುತ್ತಿತ್ತು.

ಡಿಸ್ಕ್ ಯಾವ ಕಪಾಟಿನಲ್ಲಿದೆ, ಆ ಕೋಣೆಯ ಎರಡನೇ ಕೀಲಿ ನನ್ನ ಕುರ್ಚಿಯ ಹಿಂದಿನ ಮೊಳೆಗೆ ನೇತಾಡುತ್ತದೆ ಎಂದು ಗೊತ್ತಿದ್ದವರು ನಾಲ್ಕೇ ಜನ. ಉತ್ಸವದ ಕಾರ್ಯದರ್ಶಿ ಆ ಹೊತ್ತಿನಲ್ಲಿ ಒಂದನೇ ಹಾಲ್‌ನ ವೇದಿಕೆಯ ಮೇಲೆ ಇನ್ನೂರು ಜನರ ಮುಂದೆ ಚರ್ಚೆ ನಡೆಸುತ್ತಿದ್ದರು. ಡಿಸ್ಕ್‌ನಲ್ಲಿದ್ದ ಚಿತ್ರದ ನಿರ್ದೇಶಕಿಯ ಕಾರ್ಡಿನಲ್ಲಿ ಆ ಚೌಕಕ್ಕೆ ನಕ್ಷತ್ರ. ಹದಿನೆಂಟು ವರ್ಷದಿಂದ ಒಂದೂ ಉತ್ಸವ ತಪ್ಪಿಸದ ವೇಳಾಪಟ್ಟಿ ತಾತನ ಕಾರ್ಡಿನಲ್ಲೂ ನಕ್ಷತ್ರ. ಉಳಿದವರು ಮಾವ. ಪ್ರೊಜೆಕ್ಟರ್ ನಡೆಸುವವರಿಗೆ ಯಾರೂ ಕಾರ್ಡು ಕೊಡುವುದಿಲ್ಲ.

ಐದನೆಯವಳು ನಾನು. ನನ್ನನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇವತ್ತು ಸಂಜೆ ನಾಲ್ಕಕ್ಕೆ ಆ ಚಿತ್ರದ ಮೊದಲ ಪ್ರದರ್ಶನ. ಬೇರೆ ಪ್ರತಿ ಇಲ್ಲ ಎಂದು ನಿರ್ದೇಶಕಿ ಹೇಳಿದ್ದರು. ಹನ್ನೆರಡರೊಳಗೆ ಡಿಸ್ಕ್ ಬರದಿದ್ದರೆ ಮಾವನನ್ನು ಪೊಲೀಸರಿಗೆ ಒಪ್ಪಿಸುತ್ತೇನೆ ಎಂದು ಕಾರ್ಯದರ್ಶಿ ಹೇಳಿದ್ದರು. ಇಪ್ಪತ್ತಾರು ವರ್ಷ ಆ ಕೋಣೆಯಲ್ಲಿ ಕತ್ತಲು ಕುಡಿದು ಕೆಮ್ಮು ಹಿಡಿಸಿಕೊಂಡ ಮನುಷ್ಯನನ್ನು.

"ಯಾರು ಏನು ಕೇಳಿದ್ರೂ ಗೊತ್ತಿಲ್ಲ ಅನ್ನು," ಮಾವ ಮೆಟ್ಟಿಲಿಂದ ಎದ್ದರು.

"ಮಾವ, ನಿನ್ನೆ ಎರಡು ಗಂಟೆಗೆ ನಾನು..."

"ಹೇಳಿದಷ್ಟು ಮಾಡು. ಮೇಲೆ ಹೋಗಿ ಕಸ ಗುಡಿಸಿ ಬಾ."

ಈ ಕೆಲಸಕ್ಕೆ ನನ್ನನ್ನು ಸೇರಿಸಿದವರು ಅವರೇ. ನಮ್ಮ ಅಕ್ಕನ ಮಗಳು, ಮಾತು ಕಡಿಮೆ, ಕಣ್ಣು ಚುರುಕು ಎಂದು ಕಾರ್ಯದರ್ಶಿಯ ಮುಂದೆ ಹೇಳಿದ್ದರು. ಮೊದಲನೆಯದು ನಿಜ.

ಪ್ರೊಜೆಕ್ಟರ್ ಕೋಣೆಯಲ್ಲಿ ಗುಡಿಸಲು ಹೆಚ್ಚೇನೂ ಇರುವುದಿಲ್ಲ. ಕಿಟಕಿಯ ಕೆಳಗಿನ ಹಲಗೆಯ ಮೇಲೆ ಒಂಬತ್ತು ತಗಡಿನ ಡಬ್ಬಿಗಳು ಸಾಲಾಗಿವೆ. ಚಿತ್ರಗಳು ಸುರುಳಿಯಲ್ಲಿ ಬರುತ್ತಿದ್ದ ಕಾಲದವು, ಈಗ ಖಾಲಿ. ಮಾವ ಅವನ್ನು ಎಸೆಯಲು ಬಿಡುವುದಿಲ್ಲ. ಎಲ್ಲದರ ಮೇಲೂ ಬೆರಳು ಮುಳುಗುವಷ್ಟು ಧೂಳು. ನಾಲ್ಕನೆಯದರ ಮುಚ್ಚಳದ ಮೇಲೆ ಮಾತ್ರ ಧೂಳಿರಲಿಲ್ಲ.

ನಿನ್ನೆ ಮಾವನೂ ಗಾಬರಿಯಲ್ಲಿ ಎಲ್ಲ ಕಡೆ ಹುಡುಕಿರಬೇಕು ಎಂದುಕೊಂಡೆ. ಪೊರಕೆ ಮೂಲೆಗಿಟ್ಟು ಕೆಳಗಿಳಿದೆ.

*

ಲಾಬಿಯಲ್ಲಿ ಟೀ ಮೇಜಿನ ಹತ್ತಿರ ಪತ್ತೇದಾರಿಣಿ ಕೂತಿದ್ದರು. ನಿನ್ನೆ ಸಂಜೆ ಕಾರ್ಯದರ್ಶಿ ಕರೆಸಿದ ಹೆಂಗಸು. ದಪ್ಪ ಮೈ, ಬೂದು ಶಾಲು, ದಾರ ಕಟ್ಟಿದ ಕನ್ನಡಕ, ಹತ್ತು ಹೆಜ್ಜೆಗೊಮ್ಮೆ ನಿಂತು ಬೈಸಿಕೊಳ್ಳುವ ಮೊಣಕಾಲು. ಬಂದವರು ಯಾರನ್ನೂ ಗದರಿಸಿರಲಿಲ್ಲ. ನಾಲ್ವರ ಕಾರ್ಡುಗಳ ಪೈಕಿ ಇದ್ದ ಮೂರನ್ನು ಕೇಳಿ ತೆಗೆದುಕೊಂಡು, ಉಳಿದ ಹೊತ್ತೆಲ್ಲ ಉತ್ಸವದ ಪುಸ್ತಕ ಓದಿದ್ದರು.

ಅವರ ಎದುರು ವೇಳಾಪಟ್ಟಿ ತಾತ. ನಿವೃತ್ತ ಭೂಗೋಳದ ಮೇಷ್ಟ್ರು. ಕಂಕುಳಲ್ಲಿ ಕೂರುವ ದಿಂಬು, ಜೇಬಿನಲ್ಲಿ ಮೂರು ಬಣ್ಣದ ಪೆನ್ಸಿಲ್ಲು. ನಾನು ನನ್ನ ಕುರ್ಚಿಯಲ್ಲಿ ಕೂತು, ಒರೆಸಿದ ಪಂಚನ್ನೇ ಮತ್ತೆ ಒರೆಸುತ್ತಿದ್ದೆ. ಮೈಯೆಲ್ಲ ಕಿವಿಯಾಗಿತ್ತು.

"ನಾನು ಸಾಕ್ಷ್ಯಚಿತ್ರ ಅಂತ ಒಂದೂ ನೋಡಿದೋಳಲ್ಲ ತಾತ," ಅವರು ಅಂದರು. "ಇನ್ನೆರಡು ದಿನ ಇದೆ. ಪೂರ್ತಿ ದಕ್ಕಿಸ್ಕೋಬೇಕಂದ್ರೆ ಹೇಗೆ ನೋಡ್ಬೇಕು, ಹೇಳ್ಕೊಡಿ."

ತಾತನಿಗೆ ಇದಕ್ಕಿಂತ ಸುಖದ ಪ್ರಶ್ನೆ ಇರಲಿಲ್ಲ. ದಿಂಬನ್ನು ಮಡಿಲಿಗೆ ಎಳೆದುಕೊಂಡರು.

"ಮೊದ್ಲು ಎಲ್ಲಾ ನೋಡ್ತೀನಿ ಅನ್ನೋ ಆಸೆ ಬಿಡಿ. ಹಾಗೆ ಬಂದೋರು ಮೂರನೇ ದಿನ ಬಾಯಿ ತೆರ್ಕೊಂಡು ನಿದ್ದೆ ಹೊಡೀತಾರೆ. ದಿನಕ್ಕೆ ಮೂರು ಸಾಕು."

"ಯಾವ ಮೂರು?"

"ಒಂದು, ನಿಮಗೆ ಇಷ್ಟ ಆಗುತ್ತೆ ಅಂತ ಗೊತ್ತಿರೋದು. ಒಂದು, ಏನೂ ಗೊತ್ತಿಲ್ದೇ ಇರೋದು. ಇನ್ನೊಂದು, ಹೆಸರು ಓದಿದ್ರೇ ಆಕಳಿಕೆ ಬರೋದು. ನನ್ನ ಜೀವ ಅಲ್ಲಾಡಿಸಿದ್ದೆಲ್ಲ ಆ ಮೂರನೇ ಥರದ್ದೇ. ಒಂದ್ಸಲ ಚರಂಡಿ ಪೈಪಿನ ಬಗ್ಗೆ ಒಂದೂವರೆ ಗಂಟೆ ನೋಡಿ ಅತ್ತಿದ್ದೀನಿ."

"ಪೈಪಿಗಾ?"

"ಪೈಪಿನೊಳಗೆ ಇಳಿಯೋನಿಗೆ ಕಣಮ್ಮ. ಕೆಳಗೆ ಇಳಿದ ಮೇಲೆ ಅವನು ಹಾಡು ಗುನುಗ್ತಾನೆ. ಮೇಲೆ ಇರೋರಿಗೆ ತಾನು ಬದುಕಿದ್ದೀನಿ ಅಂತ ಗೊತ್ತಾಗ್ಲಿ ಅಂತ." ತಾತ ದಿಂಬಿನ ಮೂಲೆ ಸರಿಪಡಿಸಿದರು. "ಕೂರೋದು ಹಾಲ್ ಒಳಗೆ ನಡೆದಾಡೋ ಓಣಿ ಪಕ್ಕದ ಕುರ್ಚೀಲಿ. ನಿಮ್ಮ ಮೊಣಕಾಲು ಚಾಚ್ಬಹುದು. ತಡೆಯೋಕಾಗ್ಲಿಲ್ಲ ಅಂದ್ರೆ ಎದ್ದು ಹೋಗ್ಬಹುದು. ತಡ್ಕೊಂಡ್ರೆ ಮಾತ್ರ ಕೊನೇ ಹೆಸರು ಹೋಗೋವರೆಗೂ ಏಳ್ಬಾರ್ದು. ಕ್ಯಾಮೆರಾ ಮುಂದೆ ತನ್ನ ಬದುಕು ಬಿಚ್ಚಿಟ್ಟೋರ ಹೆಸರು ಕಟ್ಟಕಡೇಲಿ ಬರುತ್ತೆ. ಅವರಿಗೆ ಬೆನ್ನು ತೋರ್ಸಿ ಟೀಗೆ ಓಡೋದು ಮಹಾ ಕೆಟ್ಟ ಬುದ್ಧಿ."

"ಆಮೇಲೆ?"

"ಆಮೇಲೆ ಪ್ರಶ್ನೋತ್ತರ. ಅದನ್ನ ಬಿಟ್ರೆ ಅರ್ಧ ಚಿತ್ರ ಬಿಟ್ಟ ಹಾಗೆ. ಪ್ರಶ್ನೆ ಒಂದು ಗೇಣಿರ್ಬೇಕು. ಒಬ್ಬ ಎದ್ದು ತನ್ನ ಜೀವನ ಚರಿತ್ರೆ ಹೇಳ್ತಾನೆ, ಪ್ರತಿ ಸಲ ಒಬ್ಬ ಇರ್ತಾನೆ, ಆವಾಗ ನೀರು ಕುಡಿದು ಬನ್ನಿ. ಒಂದು ಚಿತ್ರ ಆದ್ಮೇಲೆ ಒಂದು ಹೊತ್ತು ಖಾಲಿ ಬಿಡಿ. ಬೀದೀಲಿ ನಡೆದಾಡಿ. ಇಲ್ಲಾಂದ್ರೆ ಈ ಚಿತ್ರದ ಹೆಂಗಸು ಆ ಚಿತ್ರದ ಮನೇಲಿ ಹೋಗಿ ಕೂರ್ತಾಳೆ, ಯಾರ ದುಃಖ ಯಾರದ್ದು ಅಂತಾನೇ ತಿಳಿಯಲ್ಲ."

"ಹಾಗೆ ನಡೆದಾಡೋಕೆ ಹೋದ್ರೆ ಮುಂದಿನ ಚಿತ್ರಕ್ಕೆ ಓಣಿ ಪಕ್ಕದ ಕುರ್ಚಿ ಸಿಗುತ್ತಾ?"

ತಾತನ ಮುಖ ಅರಳಿತು. "ಅಲ್ಲೇ ಇರೋದು ವಿದ್ಯೆ. ಆರು ಜನ ಗುಂಪು ಕಟ್ಕೋಬೇಕು. ಒಬ್ರು ಸಾಲಲ್ಲಿ ನಿಲ್ಲೋದು, ಐದು ಜನ ಓಡಾಡೋದು. ಕಾರ್ಡೆಲ್ಲ ನಿಂತೋರ ಕೈಲಿ. ಬಾಗಿಲು ತೆಗೆದ ತಕ್ಷಣ ಆರಕ್ಕೂ ತೂತು ಹೊಡಿಸ್ಕೊಂಡು..."

ಅಲ್ಲಿಗೆ ನಿಂತುಬಿಟ್ಟರು. ನನ್ನ ಕೈಯಿಂದ ಪಂಚು ಜಾರಿ ನೆಲಕ್ಕೆ ಬಿತ್ತು. ಆ ಸದ್ದಿಗೆ ಇಬ್ಬರೂ ತಿರುಗಲಿಲ್ಲ. ತಿರುಗಿದ್ದರೆ ವಾಸಿಯಿತ್ತು.

ಪತ್ತೇದಾರಿಣಿ ಎರಡು ಕಾರ್ಡು ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಒಂದು ಹಳದಿ, ಒಂದು ಹಸಿರು.

"ನಿನ್ನೆ ಎರಡು ಗಂಟೆಯ ಚೌಕ ನೋಡಿ ತಾತ. ಎರಡೂ ನಕ್ಷತ್ರ ಎಡಕ್ಕೆ ವಾಲಿವೆ. ಎರಡೂ ಗೆರೆ ದಾಟಿ ಒಂದು ಕೂದಲೆಳೆ ಪಕ್ಕಕ್ಕಿವೆ. ಬೇರೆ ಬೇರೆ ಹೊಡೆದಿದ್ರೆ ಇಷ್ಟು ಜೊತೆಜೊತೆಯಾಗಿ ವಾಲಲ್ಲ. ನಿಮ್ಮದರ ಅಂಚು ನುಣ್ಣಗಿದೆ, ಇದು ಮೇಲಿತ್ತು. ಹಸಿರಿನ ಅಂಚಲ್ಲಿ ನಾರು ಎದ್ದಿದೆ, ಇದು ಅಡೀಲಿತ್ತು. ಆರು ಕಾರ್ಡು ಕೊಟ್ರಿ. ಎಷ್ಟು ಜನ ಕೂತ್ರಿ?"

ತಾತ ಜೇಬಿನಿಂದ ಕೆಂಪು ಪೆನ್ಸಿಲ್ಲು ತೆಗೆದು ಅದರ ಮೊನೆ ನೋಡಿದರು.

"ನಮ್ಮೋರೊಬ್ರಿಗೆ ನಿನ್ನೆ ಹುಷಾರಿರ್ಲಿಲ್ಲ. ನಿರ್ದೇಶಕಿ ಬಂದ್ಲು. ನನ್ನ ಕಾರ್ಡೂ ಸೇರಿಸ್ಕೊಳ್ಳಿ ತಾತ, ಈಗ ಬಂದ್ಬಿಡ್ತೀನಿ ಅಂದ್ಲು."

"ಬಂದ್ರಾ?"

"ಒಳಗೆ ಕತ್ತಲು."

"ಬಂದ್ರಾ ತಾತ?"

"ಅವಳ ಜಾಗಕ್ಕೆ ಕರ್ಚೀಫು ಹಾಕಿದ್ದೆ," ತಾತನ ದನಿ ತಗ್ಗಿತು. "ದೀಪ ಹೊತ್ತಿದಾಗ್ಲೂ ಕರ್ಚೀಫೇ ಕೂತಿತ್ತು."

"ಮತ್ತೆ ನಿನ್ನೆ ಸಂಜೆ ನಾನು ಕೇಳ್ದಾಗ?"

"ಹೇಳಿದ್ರೆ ಒಬ್ಳ ಕೆಲಸ ಹೋಗುತ್ತೆ. ಮುಖ ನೋಡ್ದೆ ಆರನ್ನೂ ಒಂದೇ ಏಟಿಗೆ ಹೊಡೆದೋಳು ಅವಳು. ಹೊಡಿಸಿದೋನು ನಾನು." ನನ್ನ ಕಡೆ ನೋಡಲಿಲ್ಲ. "ಹದಿನೆಂಟು ವರ್ಷದಿಂದ ಹೀಗೇ ಮಾಡ್ತಿದ್ದೀವಿ. ಇದು ತಪ್ಪು ಅಂತ ಒಂದಿನಾನೂ ಅನ್ನಿಸಿರ್ಲಿಲ್ಲ ನೋಡಿ."

ನನ್ನನ್ನು ಉಳಿಸಲು ತಾತ ಸುಮ್ಮನಿದ್ದರು. ನನ್ನನ್ನು ಉಳಿಸಿಕೊಳ್ಳಲು ನಾನು ಸುಮ್ಮನಿದ್ದೆ. ಅಷ್ಟೂ ಹೊತ್ತು ಮಾವ ಆ ಮೆಟ್ಟಿಲ ಮೇಲೆ ಕೂತಿದ್ದರು.

ಎದ್ದೆ. ಟೀ ಮೇಜಿಗೆ ಹದಿನಾಲ್ಕು ಹೆಜ್ಜೆ. ಕರ್ಚೀಫಿನ ಗಂಟನ್ನು ಹಲ್ಲಿನಿಂದ ಎಳೆದು ಬಿಚ್ಚಿದೆ. ಆರು ನಕ್ಷತ್ರಗಳ ಗುಂಡಿಯನ್ನು ಎರಡು ಕಾರ್ಡುಗಳ ನಡುವೆ ಇಟ್ಟೆ.

"ನಾನೇ," ಅಂದೆ. "ಹಿಂದೆ ಸಾಲು ದೊಡ್ಡದಿತ್ತು. ಎರಡೂ ಕೈಲಿ ಅದುಮಿದೆ. ಮುಖ ನೋಡ್ಲಿಲ್ಲ."

"ಕೀಲಿ?"

"ಮೊಳೇಲಿತ್ತು. ಟಾರ್ಚ್ ಹಿಡ್ಕೊಂಡು ಒಳಗೆ ಹೋಗಿದ್ದೆ, ತಡವಾಗಿ ಬಂದೋರನ್ನ ಕೂರಿಸೋಕೆ. ಅಷ್ಟೊತ್ತು ಕುರ್ಚಿ ಹತ್ರ ಯಾರೂ ಇರ್ಲಿಲ್ಲ." ಮೆಟ್ಟಿಲ ಕಡೆ ಕೈ ತೋರಿಸಿದೆ. "ಮಾವ ಅಲ್ಲ ಮೇಡಂ. ಅವ್ರು ಬಾಗಿಲು ಹಾಕಿ ಊಟಕ್ಕೆ ಹೋಗಿದ್ರು. ನಮ್ಮ ಮಾವ ಅಲ್ಲ."

ಅಪರಿಚಿತರ ಮುಂದೆ ನಾನು ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಮೆಟ್ಟಿಲ ಕಡೆ ತಿರುಗಿದೆ. ಮಾವ ಎದ್ದು ನಿಂತಿದ್ದರು. ಸಮಾಧಾನವಾಗಿರಬಹುದು ಎಂದು ಅವರ ಮುಖ ಹುಡುಕಿದೆ. ಅಲ್ಲಿ ಸಮಾಧಾನವಿರಲಿಲ್ಲ.

*

ನಿರ್ದೇಶಕಿ ಬಂದಾಗ ಕಾರ್ಯದರ್ಶಿಯೂ ಜೊತೆಯಲ್ಲಿದ್ದರು. ಇಸ್ತ್ರಿ ಮುರಿಯದ ಅಂಗಿ, ಕೊರಳಲ್ಲಿ ಮೂರು ಗುರುತಿನ ಚೀಟಿ. ನಿರ್ದೇಶಕಿ ಸಣಕಲು ಹೆಂಗಸು, ಕತ್ತರಿಸಿದ ಕೂದಲು, ಕಚ್ಚಿದ ಉಗುರು. ಮೇಜಿನ ಮೇಲಿದ್ದುದನ್ನು ನೋಡಿದವರೇ ಕುರ್ಚಿ ಎಳೆದುಕೊಂಡರು. ಹಸಿರು ನಕ್ಷತ್ರವನ್ನು ಉಗುರಿನಿಂದ ಮುಟ್ಟಿದರು.

"ಹೌದು. ನಾನು ಹಾಲ್ ಒಳಗೆ ಹೋಗ್ಲಿಲ್ಲ."

"ಅಂದ್ರೆ ನಿಮ್ಮ ಚಿತ್ರಾನ ನೀವೇ ಕದ್ರಾ?" ಕಾರ್ಯದರ್ಶಿ ಕೇಳಿದರು.

"ಕದಿಯೋಕೆ ಹೋದೆ."

ಪತ್ತೇದಾರಿಣಿ ಟೀ ಲೋಟವನ್ನು ಆಕೆಯ ಕಡೆ ಸರಿಸಿದರು. "ಹೇಳಿ."

ಆ ಚಿತ್ರ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯ ಬಗ್ಗೆ. ಉತ್ಸವದ ಪುಸ್ತಕದಲ್ಲಿ ಅಷ್ಟೇ ಬರೆದಿತ್ತು. ಅಷ್ಟು ಸಾಕಿತ್ತು ನನಗೆ. ಒಂಬತ್ತು ವರ್ಷದ ಹಿಂದೆ ಅಲ್ಲಿ ಬೆಂಕಿ ಬಿದ್ದಾಗ ಒಳಗೆ ಸಿಕ್ಕಿಕೊಂಡು ಸತ್ತ ಇಬ್ಬರಲ್ಲಿ ಒಬ್ಬರು ನನ್ನ ಅಪ್ಪ. ಬಿಸಿಗೆ ಬಾಗಿಲು ಉಬ್ಬಿ ಕಚ್ಚಿಕೊಂಡಿತ್ತು ಎಂದು ಎಲ್ಲರೂ ಹೇಳುತ್ತಾರೆ. ಅದಾದ ಮೇಲೆ ನಾನು ಶಾಲೆಗೆ ಹೋಗಲಿಲ್ಲ. ಅಮ್ಮ ಈಗಲೂ ಅದೇ ಮನೆಗೆ ಕೆಲಸಕ್ಕೆ ಹೋಗುತ್ತಾಳೆ. ಕ್ಯಾಮೆರಾದವರು ಬಂದಿದ್ದರು, ತಾನು ಬಿಸಿನೀರಿನ ಕೋಣೆಯಲ್ಲಿ ಅಡಗಿಕೊಂಡೆ ಎಂದು ನಗುತ್ತಾ ಹೇಳಿದ್ದಳು. ಪುಸ್ತಕದಲ್ಲಿ ಆ ಚಿತ್ರದ ಸುತ್ತ ತಾತನೇ ನನಗಾಗಿ ಕೆಂಪು ಗೆರೆ ಎಳೆದು ಕೊಟ್ಟಿದ್ದರು. ನಾಲ್ಕು ಗಂಟೆಗೆ ಬಿಡುವು ಕೇಳಿದಾಗ ಮಾವ ಬೇಡ ಅಂದಿದ್ದರು. ಕಾರಣ ಹೇಳಿರಲಿಲ್ಲ.

"ಅದ್ರಲ್ಲಿ ಒಬ್ರು ಹೆಂಗಸು ಇದ್ದಾರೆ," ನಿರ್ದೇಶಕಿ ಹೇಳುತ್ತಿದ್ದರು. "ಎರಡು ವರ್ಷ ಅವರ ಹಿಂದೆ ಬಿದ್ದು ಮಾತಾಡ್ಸಿದೆ. ಒಪ್ಪಿದ್ರು. ಚಿತ್ರ ಇಲ್ಲಿ, ಇದೇ ಕಟ್ಟಡದಲ್ಲಿ ತೋರಿಸ್ತಾರೆ ಅಂತ ಗೊತ್ತಾದ್ಮೇಲೆ ಮನೆಗೆ ಬಂದು ಬೇಡ ಅಂದ್ರು. ನಾನು ಇವರಿಗೆ ಫೋನ್ ಮಾಡ್ದೆ."

"ಪುಸ್ತಕ ಅಚ್ಚಾಗಿತ್ತು," ಕಾರ್ಯದರ್ಶಿ ಅಂದರು.

"ಅದೇ ಮಾತು ನಾನು ಅವರಿಗೆ ಹೇಳ್ದೆ. ಪುಸ್ತಕ ಅಚ್ಚಾಗಿದೆ ಅಂತ. ಅವರು ಜಗಳ ಆಡ್ಲಿಲ್ಲ. ಚಪ್ಪಲಿ ಹಾಕ್ಕೊಂಡು ಹೋದ್ರು. ಆ ಭಾಗ ಕಿತ್ರೆ ಚಿತ್ರಾನೇ ಇಲ್ಲ. ತೀರ್ಪುಗಾರರು ನೋಡ್ಲಿ ಅಂತ ನಂಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳ್ಲಿ. ಮೂರು ದಿನ ಇಲ್ಲಿ ಕೂತು ಬೇರೆಯವರ ಚಿತ್ರ ನೋಡ್ದೆ. ಪ್ರತಿಯೊಂದ್ರ ಕೊನೇಲೂ ಹೆಸರು ಬರುತ್ತೆ, ಇವರಿಗೆ ಧನ್ಯವಾದ, ಅವರಿಗೆ ಧನ್ಯವಾದ. ನಿನ್ನೆ ತಡೆಯೋಕಾಗ್ಲಿಲ್ಲ."

"ಡಿಸ್ಕ್ ಎಲ್ಲಿ?"

"ಅದೇ ಹೇಳ್ತಿರೋದು. ನನ್ನ ಹತ್ರ ಇಲ್ಲ." ಆಕೆ ಮೊದಲ ಸಲ ತಲೆ ಎತ್ತಿದರು. "ಎರಡೂ ಹತ್ತಕ್ಕೆ ಈ ಹುಡುಗಿ ಟಾರ್ಚ್ ಹಿಡ್ಕೊಂಡು ಒಳಗೆ ಹೋದ್ಲು. ಕೀಲಿ ತಗೊಂಡೆ, ಮೇಲೆ ಹೋದೆ. ಕಪಾಟು ಖಾಲಿ ಇತ್ತು. ನನಗಿಂತ ಮುಂಚೆ ಯಾರೋ ತಗೊಂಡಿದ್ರು."

ನನಗೆ ಮೊದಲು ಅರ್ಥವಾಗಲಿಲ್ಲ. ತಾತನಿಗೆ ಆಯಿತು. ಅವರು ದಿಂಬನ್ನು ಎದೆಗೆ ಒತ್ತಿಕೊಂಡರು.

ಪತ್ತೇದಾರಿಣಿ ಕಾರ್ಯದರ್ಶಿಯ ಕಡೆ ತಿರುಗಿದರು. "ಡಿಸ್ಕ್ ಕಪಾಟಲ್ಲಿ ಇಟ್ಟೋರು ನೀವೇ ಅಲ್ವಾ? ಎಷ್ಟು ಹೊತ್ತಿಗೆ?"

"ಎರಡಕ್ಕೆ ಐದು ನಿಮಿಷ ಇತ್ತು. ಇಟ್ಟು ನೇರ ವೇದಿಕೆ ಹತ್ತಿದೆ."

"ಆಗ ಕೋಣೇಲಿ ಯಾರಿದ್ರು?"

ಕಾರ್ಯದರ್ಶಿ ಮೆಟ್ಟಿಲ ಕಡೆ ನೋಡಿದರು.

ಹದಿನೈದು ನಿಮಿಷ. ಆ ಹದಿನೈದು ನಿಮಿಷದಲ್ಲಿ ಕೋಣೆಯಲ್ಲಿದ್ದವರು ಮಾವ ಒಬ್ಬರೇ. ತಾತ ಬಾಯಿ ಬಿಡದೆ, ನನ್ನ ಗಂಟಿನಲ್ಲಿ ಆರು ನಕ್ಷತ್ರ ಹಾಗೇ ಇದ್ದಿದ್ದರೆ ಕಾರ್ಡಿನ ಲೆಕ್ಕದಲ್ಲಿ ನಿರ್ದೇಶಕಿ ಹಾಲ್ ಒಳಗೇ ಕೂತಿರುತ್ತಿದ್ದರು, ಕಪಾಟು ಯಾವಾಗ ಖಾಲಿಯಾಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ, ಅನುಮಾನ ಅನುಮಾನವಾಗಿಯೇ ಉಳಿಯುತ್ತಿತ್ತು. ಮಾವನನ್ನು ಎತ್ತಲು ನಾನು ಇಳಿಸಿದ ಹಗ್ಗ ಅವರ ಕೊರಳಿಗೇ ಬಿದ್ದಿತ್ತು.

"ಈಕೆ ಸುಳ್ಳು ಹೇಳ್ತಿರಬಹುದು," ತಾತ ಮೆಲ್ಲಗೆ ಅಂದರು.

"ಕದ್ದೆ ಅಂದ್ರೂ ಅವರ ವಸ್ತು ಅವರದ್ದೇ. ಖಾಲಿ ಕೈಲಿ ಬಂದೆ ಅಂತ ಸುಳ್ಳು ಹೇಳಿ ಏನು ಲಾಭ?" ಪತ್ತೇದಾರಿಣಿ ಶಾಲು ಸರಿಪಡಿಸಿಕೊಂಡರು. ಮಾವನ ಕಡೆ ತಿರುಗಿದಾಗ ಅವರ ದನಿ ಇನ್ನೂ ಮೆತ್ತಗಾಯಿತು. "ಅಣ್ಣ, ನಿನ್ನೆ ರಾತ್ರಿ ಮನೆಗೆ ಹೋಗೋ ಮುಂಚೆ ಈ ಮೊಣಕಾಲು ಹೊತ್ಕೊಂಡು ನಿಮ್ಮ ಕೋಣೆಗೆ ಹತ್ತಿದ್ದೆ. ಒಂಬತ್ತು ಡಬ್ಬಿ ಇದಾವೆ. ಹುಡುಕೋರು ಒಂಬತ್ತೂ ತೆಗೀತಾರೆ. ಬಚ್ಚಿಡೋರು ಒಂದೇ ತೆಗೀತಾರೆ. ನಾನಾಗೇ ಮುಟ್ಟಿಲ್ಲ. ನೀವೇ ಹೇಳ್ಲಿ ಅಂತ ಕಾಯ್ತಿದ್ದೆ."

"ನಾಲ್ಕನೇದು," ಮಾವ ಅಂದರು.

ಬೆಳಿಗ್ಗೆ ನಾನು ಕಂಡು ಕಾಣದ ಹಾಗೆ ಬಂದ ಡಬ್ಬಿ.

"ಯಾಕೆ ಮಾಡಿದ್ರಿ?" ಕಾರ್ಯದರ್ಶಿ ಕೇಳಿದರು. "ಇಪ್ಪತ್ತಾರು ವರ್ಷ ನಿಮ್ಮ ಕೈಲಿ ಕೋಣೆ ಬಿಟ್ಟಿದ್ದೀವಲ್ಲ."

ಮಾವ ನನ್ನನ್ನು ನೋಡಿದರು.

*

ಡಿಸ್ಕ್ ಹಾಳಾಗಿಲ್ಲವೆಂದು ಹಾಕಿ ನೋಡಲೇಬೇಕು ಎಂದರು ಕಾರ್ಯದರ್ಶಿ. ಆ ದಿನದ ಮೊದಲ ಚಿತ್ರಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಎಲ್ಲರೂ ಒಂದನೇ ಹಾಲ್‌ಗೆ ಬಂದೆವು. ಇನ್ನೂರು ಖಾಲಿ ಕುರ್ಚಿ, ನೆಲದಲ್ಲಿ ಯಾರೋ ಬೀಳಿಸಿಕೊಂಡ ಒಂದು ಉತ್ಸವದ ಪುಸ್ತಕ.

ಮೇಲೆ ಪ್ರೊಜೆಕ್ಟರ್ ಕೋಣೆಯ ಸಣ್ಣ ಕಿಟಕಿಯಿಂದ ಮಾವನ ಮುಖ ಕಂಡಿತು.

"ಹಾಕ್ತೀನಿ," ಅಂದರು. "ಮಗೂನ ಹೊರಗೆ ಕಳಿಸಿ."

"ಯಾವ ಮಗು?" ಕಾರ್ಯದರ್ಶಿ ಸುತ್ತ ನೋಡಿದರು.

"ನಮ್ಮ ಹುಡುಗೀನ. ಅವಳ ಬಾಗಿಲಿಗೆ ಕಳಿಸಿ. ಪೊಲೀಸರನ್ನ ಕರೀರಿ, ಬರ್ತೀನಿ. ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಅವಳೊಬ್ಬಳು ಇಲ್ಲಿ ಬೇಡ."

ಕೆಮ್ಮು ಅಡ್ಡ ಬಂತು. ಮಾವ ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ನೋಡಿರಲಿಲ್ಲ. ಅವರ ಮಾತನ್ನು ನಾನು ಮೀರಿದ್ದೂ ಇರಲಿಲ್ಲ, ಈ ಬೆಳಗಿನವರೆಗೆ.

ಪತ್ತೇದಾರಿಣಿ ಕನ್ನಡಕ ತೆಗೆದು ನನ್ನನ್ನು ನೋಡಿದರು. ಮೊದಲ ಸಲ ಮುಖವನ್ನೇ ನೋಡಿದರು. ಆಮೇಲೆ ಕಿಟಕಿಯನ್ನು, ಮತ್ತೆ ನನ್ನನ್ನು. ಅವರಿಗೆ ಏನೋ ಹೊಳೆದಿತ್ತು. "ನೀನೇನಂತೀಯಮ್ಮ? ಹೋಗ್ತೀಯಾ?"

ನಾನು ಓಣಿಯ ಪಕ್ಕದ ಕುರ್ಚಿಯಲ್ಲಿ ಕೂತೆ. ತಡೆಯಲಾಗದಿದ್ದರೆ ಎದ್ದು ಹೋಗಬಹುದು ಎಂದು ತಾತ ಹೇಳಿದ್ದರಲ್ಲ.

"ಮಧ್ಯದಿಂದ ಹಾಕಿ," ಕಾರ್ಯದರ್ಶಿ ಕೂಗಿದರು. "ಹಾಳಾಗೋದು ಅಲ್ಲೇ."

ದೀಪ ಆರಿತು.

ಪರದೆ ತುಂಬ ಬಿಳಿ ಹಬೆ. ಹಬೆಯೊಳಗೆ ಯಂತ್ರಗಳ ಗೊರಗೊರ. ಆಮೇಲೆ ಒಂದು ಹಾಸಿಗೆ ಬಟ್ಟೆ, ಅದನ್ನು ಮಡಿಸುತ್ತಿರುವ ಎರಡು ಕೈ. ಮುಖ ಚೌಕಟ್ಟಿನಲ್ಲಿರಲಿಲ್ಲ. ಬೇಕಾಗಿರಲಿಲ್ಲ. ಮಡಿಸುವ ಮುಂಚೆ ಬಟ್ಟೆಯನ್ನು ಒಮ್ಮೆ ಗಾಳಿಗೆ ಒದರುವುದು. ನಾಲ್ಕು ಮಡಿಕೆಯಾದ ಮೇಲೆ ಅಂಗೈಯಿಂದ ಮಗುವಿನ ಬೆನ್ನು ಸವರಿದಂತೆ ಸವರುವುದು. ಬಲಗೈ ಹೆಬ್ಬೆರಳಲ್ಲಿ ಹುರುಳಿಕಾಳಿನಷ್ಟು ಹೊಳೆಯುವ ಗುಲಾಬಿ ಚರ್ಮ. ಇಸ್ತ್ರಿಪೆಟ್ಟಿಗೆ ತಾಕಿದ್ದು ಎಂದು ನನಗೆ ಹೇಳಿದ್ದಳು. ಇವತ್ತು ಬೆಳಿಗ್ಗೆ ಏಳಕ್ಕೆ ಆ ಕೈ ನನ್ನ ತಲೆ ಬಾಚಿತ್ತು.

ಕ್ಯಾಮೆರಾ ನಿಧಾನವಾಗಿ ಮೇಲೆ ಹೋಯಿತು. ಅಮ್ಮ ಬಿಸಿನೀರಿನ ಕೋಣೆಯಲ್ಲಿ ಅಡಗಿರಲಿಲ್ಲ.

"ಬಾಗಿಲು ಕಚ್ಕೊಂಡಿರ್ಲಿಲ್ಲ," ಪರದೆಯ ಮೇಲೆ ಅಮ್ಮ ಹೇಳಿದಳು. ಸೊಪ್ಪು ಬಿಡಿಸುವಾಗ ಮಾತಾಡುವ ದನಿಯೇ. "ಹೊರಗಿಂದ ಚಿಲಕ ಹಾಕಿತ್ತು. ಪಾಳಿ ಮುಗಿಯೋ ಮುಂಚೆ ಯಾರೂ ಆಚೆ ಹೋಗ್ಬಾರ್ದು ಅಂತ ದಿನಾ ಹಾಕ್ಸೋರು. ಹಾಕೋ ಕೆಲಸ ನಂದು. ಅವತ್ತೂ ಹಾಕ್ದೆ. ಹಾಕಿ ನೀರು ಕುಡಿಯೋಕೆ ಹೋದೆ."

ನಿರ್ದೇಶಕಿಯ ದನಿ, ಕ್ಯಾಮೆರಾದ ಹಿಂದಿನಿಂದ: "ಒಳಗೆ ಯಾರಿದ್ದಾರೆ ಅಂತ ಗೊತ್ತಿತ್ತಾ?"

ಅಮ್ಮ ಇನ್ನೊಂದು ಬಟ್ಟೆ ಎತ್ತಿಕೊಂಡಳು. ಒದರಿದಳು. ಮಡಿಸಿದಳು.

"ಗೊತ್ತಿತ್ತು. ವಾಪಸ್ ಓಡಿ ಬಂದಾಗ ಚಿಲಕ ಕೆಂಡದ ಹಾಗೆ ಕಾದಿತ್ತು." ಹೆಬ್ಬೆರಳು ಎತ್ತಿ ತೋರಿಸಿದಳು. "ಎರಡು ಸಲ ಹಿಡ್ದೆ. ಎರಡ್ನೇ ಸಲ ಬಿಟ್ಬಿಟ್ಟೆ. ಬಿಡ್ಬಾರ್ದಿತ್ತು."

ನನ್ನ ಮುಂದಿನ ಸಾಲಿನಲ್ಲಿದ್ದ ನಿರ್ದೇಶಕಿ ನಿಧಾನವಾಗಿ ಹಿಂದಕ್ಕೆ ತಿರುಗಿದರು. ಪರದೆಯ ಬೆಳಕು ನನ್ನ ಮುಖದ ಮೇಲಿತ್ತು. ಆಕೆ ನನ್ನ ಮುಖವನ್ನೂ ಪರದೆಯ ಮುಖವನ್ನೂ ನೋಡಿದರು. ಆಕೆಯ ಕೈ ಬಾಯಿಗೆ ಹೋಯಿತು.

ಮೇಲೆ ಕಿಟಕಿಯಲ್ಲಿ ಮಾವನ ನೆರಳು ಒಂದು ಹೆಜ್ಜೆ ಸರಿದು ನಿಂತಿತು. ಚಿತ್ರ ನಿಲ್ಲಲಿಲ್ಲ. ನಾನೂ ಏಳಲಿಲ್ಲ.

ಅಮ್ಮ ಮಡಿಸಿದ ಬಟ್ಟೆಯನ್ನು ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನೇರವಾಗಿ ಕ್ಯಾಮೆರಾದೊಳಗೆ ನೋಡಿದಳು. ನೇರವಾಗಿ ನನ್ನನ್ನು.

"ಅಕ್ಕ, ಇದನ್ನ ಎಲ್ಲಿ ಬೇಕಾದ್ರೂ ತೋರ್ಸಿ. ನನ್ನ ಮಗಳೊಬ್ಬಳಿಗೆ ತೋರಿಸ್ಬೇಡಿ."